ಬಯೋಚಾರ್ ಹಾಕಿದರೆ ಮಣ್ಣಿನ ವಿಷ ಹೋಗುತ್ತದಾ?

ಪ್ರಶ್ನೆ: ಬಿಡದಿ ಹತ್ತಿರ ನಮ್ಮದು ಒಂದೂವರೆ ಎಕರೆ ಇದೆ ಸಾರ್. ಬೆಂಗಳೂರಿನ ಕೊಳಚೆ ಹೊತ್ತು ತರೋ ವೃಷಭಾವತಿ ಹೊಳೆ ನೀರೇ ಗತಿ. ದಂಟು, ಪಾಲಕ್, ಬೇಬಿಕಾರ್ನ್ ಹಾಕ್ತೀವಿ. ಬಯೋಚಾರ್ ಹಾಕಿದ್ರೆ ಮಣ್ಣಲ್ಲಿರೋ ಸೀಸ, ಕ್ಯಾಡ್ಮಿಯಂ ಎಲ್ಲಾ ಹೀರ್ಕೊಂಡು ಮಣ್ಣು ಕ್ಲೀನ್ ಆಗುತ್ತಂತೆ. ನಿಜಾನಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಬಿಡದಿಯವರು ಕೇಳಿದ್ದಾರೆ, ವರ್ತೂರು ಕಡೆಯವರು ಕೇಳಿದ್ದಾರೆ, ತಾರಸಿ ಮೇಲೆ ನಾಲ್ಕು ಕುಂಡ ಇಟ್ಟವರೂ ಕೇಳಿದ್ದಾರೆ. ಇವತ್ತು ಕೂತು ಪೂರ್ತಿ ಬರೆಯುತ್ತೇನೆ.

ಬಯೋಚಾರ್ ಅಂದರೆ ಕಡ್ಡಿ, ಚಿಪ್ಪುಗಳನ್ನು ಕಡಿಮೆ ಗಾಳಿಯಲ್ಲಿ ಸುಟ್ಟು ಮಾಡುವ ಇದ್ದಿಲು. ಒಳ್ಳೆಯ ಇದ್ದಿಲನ್ನು ಸಾಕಷ್ಟು ಹಾಕಿದರೆ ಬೆಳೆಗೆ ಸೇರುವ ಸೀಸ, ಕ್ಯಾಡ್ಮಿಯಂ ಕಡಿಮೆಯಾಗುತ್ತದೆ. ಅಷ್ಟು ನಿಜ. ಮಣ್ಣು ಶುದ್ಧವಾಗುತ್ತದೆ ಅನ್ನುವುದು ಮಾತ್ರ ಸುಳ್ಳು. ಮಣ್ಣಿನಲ್ಲಿರುವ ಲೋಹ ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಇದನ್ನು ಹೇಳಿದ ತಕ್ಷಣ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಅಡುಗೆಮನೆ ವಾಟರ್ ಫಿಲ್ಟರ್‌ನಲ್ಲೂ ಇದ್ದಿಲೇ ಅಲ್ವಾ ಇರೋದು?" ಒಮ್ಮೆ ಒಬ್ಬ ರೈತರು ಮನೆಗೇ ಬಂದು ಹೀಗೆ ಕೇಳಿದರು. ನಾನು ಹಳೇ ಫಿಲ್ಟರ್ ಕಾರ್ಟ್ರಿಜ್ ಒಡೆದು, ಅದರ ಕಪ್ಪು ಪುಡಿಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿದೆ. ಲೋಟದಲ್ಲಿ ನೀರು, ಎರಡು ಹನಿ ನೀಲಿ ಇಂಕು. ಚೆನ್ನಾಗಿ ಕಲಕಿ ಬಿಟ್ಟೆವು. ಊಟ ಮುಗಿಸಿ ಬರುವ ಹೊತ್ತಿಗೆ ನೀಲಿ ತೆಳುವಾಗಿತ್ತು. ಸಂಜೆಗೆ ಮೇಲಿನ ನೀರು ತಿಳಿಯಾಗಿತ್ತು, ಪುಡಿ ತಳಕ್ಕೆ ಕೂತಿತ್ತು. "ನೋಡಿ ಸಾರ್, ಹೋಯ್ತು!" ಅಂದರು ಅವರು. ಎಲ್ಲಿಗೆ ಹೋಯಿತು ಅಂತ ಕೇಳಿದೆ. ಇಂಕು ಲೋಟದಲ್ಲೇ ಇದೆ, ತಳದಲ್ಲಿರುವ ಆ ಪುಡಿಯ ಮೈಗೆ ಅಂಟಿಕೊಂಡು ಕೂತಿದೆ. ಫಿಲ್ಟರ್ ಆದರೆ ಕಾರ್ಟ್ರಿಜ್ ತುಂಬಿದ ಮೇಲೆ ಬಿಚ್ಚಿ ಎಸೆಯುತ್ತೇವೆ. ಹೊಲಕ್ಕೆ ಉತ್ತು ಬೆರೆಸಿದ ಇದ್ದಿಲಿನ ಚೂರುಗಳನ್ನು ಯಾರು ಆರಿಸಿ ಹೊರಗೆ ಹಾಕುತ್ತಾರೆ? ಅವರು ತುಂಬಾ ಹೊತ್ತು ಆ ಲೋಟವನ್ನೇ ನೋಡುತ್ತಾ ಕೂತಿದ್ದರು.

ಸಗಣಿ ಕೊಳೆಯುತ್ತದೆ. ಎಷ್ಟೋ ಕೀಟನಾಶಕಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಒಡೆದುಹೋಗುತ್ತವೆ. ಸೀಸ ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೂ ಸೀಸವಾಗಿಯೇ ಉಳಿಯುತ್ತದೆ. ಅದನ್ನು ಹೊಲದಿಂದ ತೆಗೆಯುವುದು ಅಂದರೆ ಏನು ಅಂತ ಜಪಾನಿನವರನ್ನು ಕೇಳಬೇಕು. ಅಲ್ಲಿನ ಜಿಂಜು ನದಿ ದಂಡೆಯಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅಕ್ಕಿಗೆ ಸೇರಿ, ಜನರ ಮೂಳೆ ಮುರಿಯುವ ಇಟಾಯ್ ಇಟಾಯ್ ರೋಗ ಬಂತು. ಕಾರಣ ಇದೇ ಅಂತ ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಅಗೆದು, ಹೂತು, ಹೊಸ ಮಣ್ಣು ಹಾಕುವ ಕೆಲಸ ಮುಗಿದದ್ದು 2012ರಲ್ಲಿ.

ಹಾಗಾದರೆ ಇದ್ದಿಲು ಮಾಡುವುದೇನು? ಕಲಾಯಿಯನ್ನು ನೆನೆಸಿಕೊಳ್ಳಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಡಬೇಡ ಅಂತ ನಮ್ಮಜ್ಜಿ ಬೈಯುತ್ತಿದ್ದರು. ಹುಳಿಗೆ ಲೋಹ ಕರಗಿ ಸಾರಿಗೆ ಇಳಿಯುತ್ತದೆ, ಅದಕ್ಕೆ. ಬೆಂಗಳೂರಿನ ಸುತ್ತಲ ಕೆಂಪು ಮಣ್ಣು ಬಹಳ ಕಡೆ ಸ್ವಲ್ಪ ಹುಳಿಯೇ. ಆ ಹುಳಿಯಲ್ಲಿ ಕ್ಯಾಡ್ಮಿಯಂ, ಸೀಸ, ಸತು ಜಾಸ್ತಿ ಕರಗುತ್ತವೆ. ಬೇರು ಕುಡಿಯುವುದು ಕರಗಿದ್ದನ್ನೇ. ಕಡಿಮೆ ಗಾಳಿಯಲ್ಲಿ, 350ರಿಂದ 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದ ಇದ್ದಿಲು ಸಾಮಾನ್ಯವಾಗಿ ಕ್ಷಾರ ಗುಣದ್ದು. ಮಣ್ಣಿಗೆ ಸೇರಿದಾಗ ಹುಳಿ ಮುರಿಯುತ್ತದೆ, ಅಂದರೆ ಪಿಎಚ್ ಏರುತ್ತದೆ. ಇದ್ದಿಲಿನ ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ, ಅದು ಧನ ವಿದ್ಯುದಂಶದ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದ್ದಿಲಿನಲ್ಲಿರುವ ರಂಜಕ ಸೀಸದ ಜೊತೆ ಸೇರಿ ನೀರಿಗೆ ಕರಗದ ಲವಣವಾಗುತ್ತದೆ. ಹೀಗೆ ಲೋಹ ಮಣ್ಣಿನಲ್ಲೇ ಇದ್ದರೂ ಬೇರಿನ ಕೈಗೆ ಸಿಗುವುದಿಲ್ಲ.

ಕಲಾಯಿ ಹಾಕಿದ ಮೇಲೂ ಒಳಗಿನ ಹಿತ್ತಾಳೆ ಹಾಗೇ ಇರುತ್ತದೆ, ಅಲ್ವಾ? ಕಲಾಯಿ ಸವೆದರೆ ಮತ್ತೆ ಕಿಲುಬು. ಹೊಲದಲ್ಲೂ ಹಾಗೇ. ಇದ್ದಿಲು ಹತ್ತಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ, ಅದು ತಂದ ಕ್ಷಾರ ಅಷ್ಟು ಕಾಲ ಉಳಿಯುವುದಿಲ್ಲ. ವರ್ಷ ವರ್ಷ ಯೂರಿಯಾ ಸುರಿಯುತ್ತಿದ್ದರೆ ಮಣ್ಣು ಮತ್ತೆ ಹುಳಿಯಾಗುತ್ತದೆ, ಹಿಡಿದಿಟ್ಟ ಲೋಹ ಬಿಡುಗಡೆಯಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಪಿಎಚ್ ನೋಡಿಸಿ ಅಂತ ಬೇಡಿಕೊಳ್ಳುವುದು ಇದಕ್ಕೇ.

ಮಣ್ಣು ಪರೀಕ್ಷೆಯ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಇದ್ದಿಲು ಹಾಕುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಟೆಸ್ಟ್ ಮಾಡಿಸಿ, "ಸಾರ್, ಲೆಕ್ಕ ಅಷ್ಟೇ ಇದೆ, ದುಡ್ಡು ದಂಡ" ಅಂತ ಫೋನ್ ಮಾಡುತ್ತಾರೆ. ಅವರು ಮಾಡಿಸಿದ್ದು ಒಟ್ಟು ಲೋಹದ ಪರೀಕ್ಷೆ. ಅದು ಇಳಿಯುವುದೇ ಇಲ್ಲ. ಬೆಳೆಗೆ ಸಿಗುವ ಲೋಹ ಎಷ್ಟು ಅಂತ ಹೇಳುವುದು ಡಿಟಿಪಿಎ ಪರೀಕ್ಷೆ. ಲ್ಯಾಬಿನಲ್ಲಿ ಹೆಸರು ಹೇಳಿಯೇ ಕೇಳಿ. ಇನ್ನೂ ಒಳ್ಳೆಯದು ಅಂದರೆ ಸೊಪ್ಪನ್ನೇ ಪರೀಕ್ಷೆಗೆ ಕೊಡುವುದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸೊಪ್ಪಿನಲ್ಲಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ ದಾಟಬಾರದು.

ಎಷ್ಟು ಹಾಕಬೇಕು? ಮೇಲಿನ ಅರ್ಧ ಅಡಿ ಮಣ್ಣಿನ ತೂಕಕ್ಕೆ ನೂರಕ್ಕೆ ಒಂದು ಪಾಲು ಅಂದರೂ ಗುಂಟೆಗೆ ಸುಮಾರು 200 ಕಿಲೋ, ಎಕರೆಗೆ 8 ಟನ್. ನೂರು ಕಿಲೋ ಒಣ ಕಡ್ಡಿ ಸುಟ್ಟರೆ ಸಿಗುವುದು 25ರಿಂದ 30 ಕಿಲೋ ಇದ್ದಿಲು. ಒಂದು ಮೂಟೆ ತಂದು ಇಡೀ ಹೊಲಕ್ಕೆ ಎರಚಿದರೆ ಏನೂ ಆಗುವುದಿಲ್ಲ. ಒಂದೂವರೆ ಎಕರೆಗೂ ಹೊಂದಿಸುವುದು ಕಷ್ಟ. ಸೊಪ್ಪಿನ ಎರಡು ಮಡಿಯಿಂದ ಶುರು ಮಾಡಿ. ಪುಡಿ ಮಾಡಿ, ಕೊಟ್ಟಿಗೆ ಗೊಬ್ಬರದ ಜೊತೆ ಕೆಲವು ವಾರ ಕಲಸಿಟ್ಟು ಆಮೇಲೆ ಹಾಕಿ. 20 ಕಿಲೋ ಮಣ್ಣಿನ ಕುಂಡಕ್ಕೆ 200ರಿಂದ 400 ಗ್ರಾಂ ಸಾಕು.

ತೊಗರಿ ಕಡ್ಡಿ, ತೆಂಗಿನ ಚಿಪ್ಪು, ಲಂಟಾನ ಒಳ್ಳೆಯದು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಖಂಡಿತ ಬೇಡ. ಅದೇ ಹೊಳೆ ನೀರಿನಲ್ಲಿ ಬೆಳೆದ ಜೋಳದ ಕಡ್ಡಿಯನ್ನೂ ಸುಡಬೇಡಿ. ಕಡ್ಡಿ ಹೀರಿದ ಲೋಹ ಇದ್ದಿಲಿನಲ್ಲಿ ಇನ್ನೂ ದಟ್ಟವಾಗಿ ಉಳಿಯುತ್ತದೆ, ಅದನ್ನು ನೀವೇ ಮತ್ತೆ ಹೊಲಕ್ಕೆ ಹಾಕಿದ ಹಾಗೆ ಆಗುತ್ತದೆ. ಆರ್ಸೆನಿಕ್ ಇರುವ ಮಣ್ಣಿಗೆ ಈ ಮದ್ದೇ ಉಲ್ಟಾ ಆಗಬಹುದು. ಪಿಎಚ್ ಏರಿದರೆ ಆರ್ಸೆನಿಕ್ ಇನ್ನೂ ಸಡಿಲವಾಗುತ್ತದೆ. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸುತ್ತಲಿನ ಕೆಲವು ಊರುಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಅಲ್ಲಿಯವರು ಪರೀಕ್ಷೆ ಮಾಡಿಸದೆ ಹಾಕಬಾರದು.

ನೀರು ಅದೇ ಬರುತ್ತಿರುವ ತನಕ ಲೋಹವೂ ಬಂದು ಸೇರುತ್ತಲೇ ಇರುತ್ತದೆ. ಆ ನೀರು ಬಿಟ್ಟು ಬೇರೆ ಗತಿ ಇಲ್ಲದವರಿಗೆ "ನೀರು ಬದಲಾಯಿಸಿ" ಅಂತ ಸುಮ್ನೆ ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೆಳೆ ಬದಲಾಯಿಸಲು ಸಾಧ್ಯವಾದರೆ ನೋಡಿ. ಕ್ಯಾಡ್ಮಿಯಂ ಎಲೆಯಲ್ಲಿ ಜಾಸ್ತಿ ಕೂಡುತ್ತದೆ, ಕಾಯಿಯಲ್ಲಿ ಕಡಿಮೆ. ಪಾಲಕ್ ಇದ್ದ ಮಡಿಗೆ ಹುರುಳಿಕಾಯಿ, ಹೀರೆ, ಟೊಮೆಟೊ ಹಾಕಬಹುದು. ಚೆಂಡು ಹೂ, ಸೇವಂತಿಗೆ ಬೆಳೆದರೆ ತಿನ್ನುವ ಮಾತೇ ಇಲ್ಲ, ಕೆ.ಆರ್. ಮಾರ್ಕೆಟ್ಟೂ ದೂರವಿಲ್ಲ.

ಕೊಳ್ಳುವವರು ಕೇಳದಿದ್ದರೂ ಅವರಿಗೂ ಒಂದು ಮಾತು. ಸೊಪ್ಪು ತೊಳೆದರೆ ಲೋಹ ಹೋಗುತ್ತದಾ? ಸೀಸ ಸ್ವಲ್ಪ ಹೋಗುತ್ತದೆ. ಸೀಸ ಬೇರಿನಿಂದ ಎಲೆಗೆ ಏರುವುದು ಕಡಿಮೆ, ಎಲೆಯಲ್ಲಿ ಸಿಗುವ ಸೀಸದಲ್ಲಿ ಬಹಳಷ್ಟು ಮೇಲೆ ಕೂತ ಮಣ್ಣು, ಧೂಳಿನದು. ಕ್ಯಾಡ್ಮಿಯಂ ಎಲೆಯ ಒಳಗಿರುತ್ತದೆ, ಉಪ್ಪು ನೀರಲ್ಲ, ಯಾವ ನೀರಿಗೂ ಅದು ಬರುವುದಿಲ್ಲ. ದಂಟಿನ ಬುಡ ಎರಡಂಗುಲ ಕತ್ತರಿಸಿ ತೆಗೆಯಿರಿ. ಎಲೆ ಬಿಡಿಸಿ, ಬೋಗುಣಿ ತುಂಬಾ ನೀರಿನಲ್ಲಿ ಮುಳುಗಿಸಿ ಎತ್ತಿ. ತಳದಲ್ಲಿ ಕೆಂಪು ಮಣ್ಣು ಕೂರುತ್ತದೆ. ಅದು ಕೂರದೇ ಇರುವ ತನಕ, ಮೂರು ಸಲವೋ ನಾಲ್ಕು ಸಲವೋ, ನೀರು ಬದಲಾಯಿಸುತ್ತಾ ತೊಳೆಯಿರಿ.