ಕೈಲಾಗದ ಕಳ್ಳರ ಕಥೆ ಬರೆಯೋದು: 'ವೆಲ್‌ಕಮ್ ಟು ಕಾಲಿನ್‌ವುಡ್' ನೋಡಿ ಮಾಡ್ಕೊಂಡ ಟಿಪ್ಪಣಿ

ಸ್ಕ್ರೀನ್‌ಪ್ಲೇ ಕಲೀತಿರೋ ಗೆಳೆಯರಿಗೆ ಅಂತ ಈ ನೋಟ್ಸ್. ಈ ಸಲ ತಗೊಂಡಿರೋದು 2002ರ 'ವೆಲ್‌ಕಮ್ ಟು ಕಾಲಿನ್‌ವುಡ್', ಕಳ್ಳತನ ಮಾಡೋಕೆ ಹೊರಟು ಅದೂ ಸರಿಯಾಗಿ ಬರದೇ ಇರೋ ಐದಾರು ಜನರ ಕಾಮಿಡಿ. ಪೂರ್ತಿ ಗೆದ್ದಿರೋ ಸಿನಿಮಾ ಅಲ್ಲ ಇದು, ಆದ್ರೆ ಮನಸ್ಸು ಒಳ್ಳೇದು. ನಮ್ಮಂಥವರಿಗೆ ಇಂಥದ್ದೇ ಬೇಕು, ಯಾಕಂದ್ರೆ ಎಲ್ಲಾ ಸರಿ ಇರೋ ಸಿನಿಮಾದಲ್ಲಿ ಹೊಲಿಗೆ ಎಲ್ಲಿ ಹಾಕಿದಾರೆ ಅಂತಾನೇ ಕಾಣಲ್ಲ, ಇದ್ರಲ್ಲಿ ಕಾಣುತ್ತೆ.

ಬರೆದು ಡೈರೆಕ್ಟ್ ಮಾಡಿದ್ದು ಆಂಟನಿ ರೂಸೊ, ಜೋ ರೂಸೊ ಅನ್ನೋ ಅಣ್ಣತಮ್ಮ. ಹೌದು, 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಮಾಡಿದ್ರಲ್ಲ, ಅವರೇ. ಅವರು ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಲ್ಲಿ, ಕಾಲಿನ್‌ವುಡ್ ಅನ್ನೋದು ಅದೇ ಊರಿನ ಒಂದು ಏರಿಯಾ, ರೈಲ್ವೆ ಯಾರ್ಡು ಫ್ಯಾಕ್ಟರಿ ಅಂತ ಬೆಳೆದ ಕಾರ್ಮಿಕರ ಜಾಗ. ಅವರ ಮೊದಲ ಚಿಕ್ಕ ಬಜೆಟ್ ಸಿನಿಮಾನ ಒಂದು ಫೆಸ್ಟಿವಲ್‌ನಲ್ಲಿ ನೋಡಿದ ಡೈರೆಕ್ಟರ್ ಸ್ಟೀವನ್ ಸೋಡರ್‌ಬರ್ಗ್ ಇವರಲ್ಲೇನೋ ಇದೆ ಅಂತ ಗುರುತಿಸಿ ನಟ ಜಾರ್ಜ್ ಕ್ಲೂನಿ ಜೊತೆ ಸೇರಿ ಇದನ್ನ ಪ್ರೊಡ್ಯೂಸ್ ಮಾಡಿದ್ರು. ಹೆಚ್ಚುಕಮ್ಮಿ ಒಂದೂವರೆ ಗಂಟೆ ಸಿನಿಮಾ, ಥಿಯೇಟರಲ್ಲಿ ಓಡಲಿಲ್ಲ.

ಕಥೆ ಇವರದ್ದಲ್ಲ, ಇದನ್ನ ಮೊದಲು ತಿಳ್ಕೊಂಡಿರ್ಬೇಕು. 1958ರಲ್ಲಿ ಇಟಲಿಯ ಮಾರಿಯೊ ಮೊನಿಚೆಲ್ಲಿ ಮಾಡಿದ 'ಇ ಸೋಲಿತಿ ಇನ್ಯೋತಿ'ಯ ರೀಮೇಕ್ ಇದು, ಹೊರದೇಶಗಳಲ್ಲಿ ಅದು 'ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್' ಅಂತ ಫೇಮಸ್. ಅದಕ್ಕೂ ಮೂರು ವರ್ಷ ಮುಂಚೆ, 1955ರಲ್ಲಿ, ಜೂಲ್ಸ್ ಡಾಸಿನ್ ಅವರ 'ರಿಫಿಫಿ' ಬಂದಿತ್ತು, ಅದ್ರಲ್ಲಿ ಸುಮಾರು ಅರ್ಧ ಗಂಟೆ ಮಾತಿಲ್ಲದೆ ಮ್ಯೂಸಿಕ್ ಇಲ್ಲದೆ ಕಳ್ಳತನ ನಡೆಯುತ್ತೆ, ಅಷ್ಟು ಪರ್ಫೆಕ್ಟ್ ಕಳ್ಳರು. ಮೊನಿಚೆಲ್ಲಿ ಅದನ್ನ ತಲೆಕೆಳಗು ಮಾಡಿದ್ರು. ಪ್ಲಾನ್ ಅದೇ ಥರದ್ದು, ಆದ್ರೆ ಪ್ಲಾನ್ ಮಾಡೋರು ಹಸಿದವರು, ಕೆಲಸ ಇಲ್ಲದವರು, ಎರಡನೇ ಮಹಾಯುದ್ಧ ಮುಗಿದು ಹದಿಮೂರು ವರ್ಷ ಆದ್ರೂ ಇನ್ನೂ ನೆಲೆ ಸಿಗದ ರೋಮ್‌ನ ಅಂಚಿನ ಜನ.

ಎರಡಕ್ಕೂ ಕಥೆಯ ಅಸ್ಥಿಪಂಜರ ಒಂದೇ. ಕೊಸಿಮೊ ಅನ್ನೋನು ಕಾರ್ ಕದಿಯೋಕೆ ಹೋಗಿ ಜೈಲು ಸೇರ್ತಾನೆ. ಒಂದು ದೊಡ್ಡ ಕಳ್ಳತನದ ಗುಟ್ಟು ಅವನ ಹತ್ರ ಇದೆ, ಹೊರಗೆ ಬರ್ಬೇಕಂದ್ರೆ ಅವನ ತಪ್ಪನ್ನ ಬೇರೆ ಯಾರಾದ್ರೂ ತಲೆ ಮೇಲೆ ಹಾಕ್ಕೋಬೇಕು. ಒಬ್ಬನ್ನ ಕೇಳಿದ್ರೆ ಅವನು ನನ್ ಕೈಲಾಗಲ್ಲ ಇನ್ನೊಬ್ಬನಿದಾನೆ ಅಂತಾನೆ, ಅವನು ಮತ್ತೊಬ್ಬನ ಹತ್ರ ಕರ್ಕೊಂಡೋಗ್ತಾನೆ, ಹೀಗೆ ಸಿಕ್ಕಿದೋರೆಲ್ಲ ಗುಂಪು ಸೇರ್ಕೊಂಡುಬಿಡ್ತಾರೆ. ಕೊನೆಗೆ ಸಿಗೋದು ಒಬ್ಬ ಸೋತ ಬಾಕ್ಸರ್, ಇಟಲಿಯಲ್ಲಿ ಪೆಪ್ಪೆ, ಕ್ಲೀವ್‌ಲ್ಯಾಂಡಲ್ಲಿ ಪೆರೊ. ಅವನು ಹೋಗಿ ತಪ್ಪು ಒಪ್ಕೊಂಡ್ರೆ ಜಡ್ಜ್ ನಂಬಲ್ಲ. ಬಾಕ್ಸರ್ ಜೈಲಲ್ಲಿ ಕೊಸಿಮೊ ಮುಂದೆ, ನಂಗೂ ಮೂರು ವರ್ಷ ಬಿತ್ತು ಅಂತ ಸುಳ್ಳು ಹೇಳಿ ಗುಟ್ಟು ಬಾಯಿಬಿಡಿಸಿ ಆರಾಮಾಗಿ ಹೊರಗೆ ನಡೀತಾನೆ. ಗುಟ್ಟು ಏನಂದ್ರೆ ಖಾಲಿ ಮನೆಯೊಂದರ ಗೋಡೆ ಒಡೆದ್ರೆ ಆ ಕಡೆ ತಿಜೋರಿ.

ಈ ಮೊದಲ ಭಾಗ ರೂಸೊ ಸಹೋದರರು ಚೆನ್ನಾಗೇ ಮಾಡಿದಾರೆ. ಪಾತ್ರ ಪರಿಚಯ ಅಂತ ಬೇರೆ ಸೀನ್ ಇಲ್ಲ ನೋಡಿ, ಹುಡುಕಾಟನೇ ಪರಿಚಯ, ದುಡ್ಡಿನ ಮಾತು ಬಂದಾಗ ಒಬ್ಬೊಬ್ಬನೂ ಹೇಗೆ ಹಿಂದೆ ಸರೀತಾನೆ ಅನ್ನೋದ್ರಲ್ಲೇ ಅವನ ಬದುಕು ಗೊತ್ತಾಗುತ್ತೆ. ನಾವು ಶಾರ್ಟ್ ಫಿಲಂ ಬರೀವಾಗ ಮೊದಲ ಐದು ನಿಮಿಷ ವಾಯ್ಸ್ ಓವರ್ ಹಾಕಿ ಇವನು ಹೀಗೆ ಅವಳು ಹಾಗೆ ಅಂತ ಹೇಳ್ತೀವಲ್ಲ, ಅದರ ಬದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿಸಿ ಬೇರೆ ಬೇರೆ ಉತ್ತರ ಬರ್ಸಿದ್ರೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೈಲಾಗದ ಕಳ್ಳರ ಸಿನಿಮಾದಲ್ಲಿ ಎಡವಟ್ಟು ಆಗೇ ಆಗುತ್ತೆ, ನೋಡೋರಿಗೂ ಅದು ಮೊದಲೇ ಗೊತ್ತು, ಸಸ್ಪೆನ್ಸ್ ಅದ್ರಲ್ಲಿಲ್ಲ. ಎಡವಟ್ಟು ಆದ ಮುಂದಿನ ಒಂದು ನಿಮಿಷ ಇವರು ಏನ್ ಮಾಡ್ತಾರೆ ಅನ್ನೋದ್ರಲ್ಲಿದೆ ಎಲ್ಲಾ. 1958ರ ಸಿನಿಮಾದ ಗೋಡೆ ಸೀನ್ ತಗೊಳ್ಳಿ. ಖಾಲಿ ಅಂದ್ಕೊಂಡಿದ್ದ ಆ ಮನೇಲಿ ಇಬ್ಬರು ವಯಸ್ಸಾದ ಹೆಂಗಸರು ಇರ್ತಾರೆ, ಅವರು ಪೀಠೋಪಕರಣಗಳನ್ನ ಈ ರೂಮಿಂದ ಆ ರೂಮಿಗೆ ಬದಲಾಯಿಸಿಬಿಟ್ಟಿರ್ತಾರೆ, ಇವರಿಗೆ ಗೊತ್ತಿರೋದು ಊಟದ ಕೋಣೆ ಗೋಡೆ ಅನ್ನೋ ಗುರುತು ಮಾತ್ರ, ಸೋ ರಾತ್ರಿಯೆಲ್ಲ ಕಷ್ಟಪಟ್ಟು ಒಡೆದು ಆ ಕಡೆ ನುಗ್ಗಿದ್ರೆ ಅದೇ ಮನೆಯ ಅಡುಗೆಮನೆ! ಇಲ್ಲಿವರೆಗೆ ಬರೀ ಆಕ್ಸಿಡೆಂಟ್, ಯಾರ್ ಬೇಕಾದ್ರೂ ಬರೀಬಹುದು. ಆಮೇಲೆ ಅವರು ಓಡಲ್ಲ, ಬಡ್ಕೊಳ್ಳಲ್ಲ. ಪಾತ್ರೇಲಿ ಪಾಸ್ತಾ ಮತ್ತೆ ಕಡಲೆಕಾಳು ಇದೆ, ಕೂತ್ಕೊಂಡು ತಿಂತಾರೆ. ಗುಂಪಿನ ಮುದುಕ ಕಾಪನ್ನೆಲ್ಲೆಗೆ ಸಿನಿಮಾ ಶುರುವಾದಾಗಿಂದ ಹಸಿವು, ಯಾವಾಗಲೂ ಏನೋ ಜಗೀತಿರ್ತಾನೆ, ಅದನ್ನ ನಾವು ಬರೀ ಕಾಮಿಡಿ ಅಂದ್ಕೊಂಡಿರ್ತೀವಿ. ಈ ಟೇಬಲ್ ಹತ್ರ ಬಂದಾಗ ಆ ಹಸಿವಿಗೆ ತೂಕ ಬರುತ್ತೆ. ತಿಜೋರಿ ಸಿಕ್ಕಿದ್ರೂ ಇವರು ಆ ದುಡ್ಡಲ್ಲಿ ಮೊದಲು ಮಾಡ್ತಿದ್ದಿದ್ದು ಇದನ್ನೇ ಅಲ್ವಾ, ಹೊಟ್ಟೆ ತುಂಬಾ ಬಿಸಿ ಊಟ. ನಂಗೆ ಇಡೀ ಕಾಮಿಡಿ ಇತಿಹಾಸದಲ್ಲಿ ಇದಕ್ಕಿಂತ ಅಕ್ಕರೆಯ ಸೋಲು ಇನ್ನೊಂದು ಕಾಣಿಸಿಲ್ಲ.

ಇದೇ ಅಳತೆಗೋಲು ಹಿಡಿದು ಕಾಲಿನ್‌ವುಡ್ ನೋಡಿದ್ರೆ ಎಲ್ಲಿ ಗೆಲ್ಲುತ್ತೆ ಎಲ್ಲಿ ಸೋಲುತ್ತೆ ಅಂತ ತಾನಾಗೇ ಗೊತ್ತಾಗುತ್ತೆ. ಗೆಲ್ಲೋದು ರೈಲಿ ಪಾತ್ರದಲ್ಲಿ. ವಿಲಿಯಂ ಎಚ್. ಮೇಸಿ ಮಾಡಿರೋದು. ಹೆಂಡತಿ ಜೈಲಲ್ಲಿ, ಪುಟ್ಟ ಮಗು ಇವನ ಕೈಲಿ, ಕಳ್ಳತನದ ಮಾತುಕತೆಗೂ ಮಗು ಎತ್ಕೊಂಡೇ ಬರ್ತಾನೆ. ಇದರ ಮೂಲ ಇಟಲಿಯಲ್ಲಿ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಮಾಡಿದ ತಿಬೇರಿಯೊ, ಅವನು ಫೋಟೋಗ್ರಾಫರ್ ಆದ್ರೆ ಕ್ಯಾಮೆರಾನೇ ಇಲ್ಲ, ಹೆಂಡತಿ ಕಳ್ಳಸಾಗಣೆ ಸಿಗರೇಟ್ ಮಾರಿ ಒಳಗೆ ಹೋಗಿರ್ತಾಳೆ. ಮೇಸಿ ಅದನ್ನ ನಕಲು ಮಾಡಲ್ಲ. ಮಾಸ್ಟ್ರೊಯಾನಿ ಸುಸ್ತಾದ ಅಪ್ಪ, ಮೇಸಿ ಗಾಬರಿಯಾದ ಅಪ್ಪ. ಏನೇ ಅನಾಹುತ ಆದ್ರೂ ರೈಲಿ ಗಮನ ಅರ್ಧ ಮಗು ಮೇಲೇ ಇರುತ್ತೆ, ಅವನು ಮಾಡೋ ತಪ್ಪಿಗೆಲ್ಲ ನಮ್ಮ ಹತ್ರ ಮೊದಲೇ ಕ್ಷಮೆ ರೆಡಿ ಇರುತ್ತೆ.

ಸೋಲೋದು ಗುಂಪಿನಲ್ಲಿರೋ ಟೊಟೊ ಅನ್ನೋನ ಪ್ಯಾಂಟಿನ ಜೋಕಲ್ಲಿ. ಆ ಪಾತ್ರ ಮಾಡಿದ ಮೈಕಲ್ ಜೀಟರ್ ಅದ್ಭುತ ನಟ, 2003ರಲ್ಲಿ ತೀರಿಕೊಂಡ್ರು. ಅವರಿಗೆ ಕಳ್ಳತನದ ರಾತ್ರಿ ಪ್ಯಾಂಟ್ ಇಲ್ಲದ ಹಾಗೆ ಮಾಡಿ ನಿಲ್ಲಿಸ್ತಾರೆ. ನಗು ಬರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಪ್ಯಾಂಟ್ ಹೋಗಿದ್ರಿಂದ ಟೊಟೊ ಬಗ್ಗೆ ನಮಗೆ ಹೊಸದೇನೂ ಗೊತ್ತಾಗಲ್ಲ, ಅದೇ ಜೋಕನ್ನ ಬೇರೆ ಯಾರಿಗೆ ಕೊಟ್ಟಿದ್ರೂ ನಡೀತಿತ್ತು. ನಿಮ್ಮ ಸ್ಕ್ರಿಪ್ಟಲ್ಲಿ ಒಂದು ಜೋಕನ್ನ ಇನ್ನೊಂದು ಪಾತ್ರಕ್ಕೆ ಎತ್ತಿ ಹಾಕಿ ನೋಡಿ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಆ ಜೋಕ್ ಯಾರದ್ದೂ ಅಲ್ಲ.

ಕ್ಲೂನಿ ವಿಷಯನೂ ಹೇಳ್ಬೇಕು. ತಿಜೋರಿ ಒಡೆಯೋದು ಕಲಿಸೋ ವೀಲ್‌ಚೇರ್ ಮಾಸ್ಟರ್ ಪಾತ್ರ ಅವರದ್ದು, ಸ್ವಲ್ಪ ಹೊತ್ತು ಬಂದು ಹೋಗ್ತಾರೆ. ಅಷ್ಟು ದೊಡ್ಡ ಸ್ಟಾರ್ ಬಂದ ಕೂಡ್ಲೇ ಪಾತ್ರ ಹಿಂದೆ ಹೋಗಿ ಕ್ಲೂನಿ ಬಂದ್ರು ಅಂತಷ್ಟೇ ಆಗುತ್ತೆ. ಇಟಲಿಯಲ್ಲಿ ಇದೇ ಪಾಠನ ಆಗಿನ ಮಹಾ ಕಾಮಿಡಿಯನ್ ತೊತೊ ಮಾಡಿದ್ರು, ಅವರೂ ಸ್ಟಾರೇ, ಆದ್ರೆ ಪೊಲೀಸ್ ಕಣ್ಗಾವಲಲ್ಲಿರೋ ಹಳೇ ಕಳ್ಳ ಮನೆ ಮಾಳಿಗೆ ಮೇಲೆ ಬಟ್ಟೆ ಒಣಗೋ ಜಾಗದಲ್ಲಿ ಪ್ರೊಫೆಸರ್ ಗತ್ತಲ್ಲಿ ಪಾಠ ಮಾಡ್ತಾನಲ್ಲ, ಆ ಗತ್ತು ಪಾತ್ರಕ್ಕೆ ಸೇರಿದ್ದು. ಕಾಸ್ಟಿಂಗ್ ಬಗ್ಗೆ ಇನ್ನೊಂದು: ಪೆಪ್ಪೆ ಮಾಡಿದ ವಿತ್ತೋರಿಯೊ ಗಾಸ್‌ಮನ್ ಅದಕ್ಕೆ ಮುಂಚೆ ಗಂಭೀರ ರಂಗನಟ ಅಂತ ಹೆಸರಾದವರು, ಕಾಮಿಡಿಗೆ ಇವರ್ಯಾಕೆ ಅಂತ ಪ್ರೊಡ್ಯೂಸರ್‌ಗಳು ಹಿಂದೇಟು ಹಾಕಿದ್ರು, ಮೊನಿಚೆಲ್ಲಿ ಮೇಕಪ್‌ನಲ್ಲಿ ಮುಖಾನೇ ಬದಲಾಯಿಸಿ, ಹಣೆ ಚಿಕ್ಕದು ಮಾಡಿ, ತೊದಲು ಮಾತು ಕೊಟ್ಟು ನಿಲ್ಲಿಸಿದ್ರು. ಸ್ಯಾಮ್ ರಾಕ್‌ವೆಲ್ ಪೆರೊ ಆಗಿ ಲವಲವಿಕೆಯಿಂದ ಮಾಡಿದಾರೆ, ಆದ್ರೆ ಪೆಪ್ಪೆಗಿರೋ ಸೋತವನ ಜಂಬ ಅಲ್ಲಿ ಅಷ್ಟು ಸಿಗಲ್ಲ.

ಕಾಲಿನ್‌ವುಡ್‌ನ ದೊಡ್ಡ ಕೊರತೆ ನನ್ನ ಪ್ರಕಾರ ಕಾಲ. ಇದು ಯಾವ ವರ್ಷದ ಕಥೆ ಅಂತ ಗೊತ್ತಾಗಲ್ಲ, ಬಟ್ಟೆ ಹಳೇದು, ಮಾತು ಹಳೇ ಸಿನಿಮಾದ್ದು, ಬೀದಿ ಮಾತ್ರ ಈಗಿಂದು. ಇಟ್ಟಿಗೆ ಗೋಡೆ, ಪಾಳು ಬಿದ್ದ ಕಟ್ಟಡ ಎಲ್ಲಾ ನಿಜವಾದ ಊರಿನ ಥರಾನೇ ಕಾಣುತ್ತೆ, ಆದ್ರೆ ಇವರಿಗ್ಯಾಕೆ ಕೆಲಸ ಇಲ್ಲ ಅಂತ ಸಿನಿಮಾ ಕೇಳಲ್ಲ. ಫ್ಯಾಕ್ಟರಿ ಮುಚ್ಚಿ ಜನ ಖಾಲಿಯಾದ ಊರಲ್ಲಿ ಹುಟ್ಟಿ ಬೆಳೆದ ಡೈರೆಕ್ಟರ್‌ಗಳ ಹತ್ರ ಅದಕ್ಕೆ ಉತ್ತರ ಇತ್ತು, ಹೇಳಿದ್ರೆ ಸಿನಿಮಾ ಎಲ್ಲೋ ಹೋಗ್ತಿತ್ತು. ಮೊನಿಚೆಲ್ಲಿ ಕೇಳ್ತಾರೆ. ಅವರ ಕೊಸಿಮೊ ಕೊನೆಗೆ ಬ್ಯಾಗ್ ಕಿತ್ಕೊಳ್ಳೋಕೆ ಹೋಗಿ ಟ್ರಾಮ್‌ಗೆ ಸಿಕ್ಕಿ ಸಾಯ್ತಾನೆ, ಕಾಮಿಡಿ ಮಧ್ಯದಲ್ಲಿ ನಿಜವಾದ ಸಾವು, ಆ ಕಾಲಕ್ಕೆ ಅದು ದೊಡ್ಡ ಧೈರ್ಯ, ಮುಂದೆ ಇಟಲಿಯಲ್ಲಿ ಬೆಳೆದ ಒಂದು ಇಡೀ ಕಾಮಿಡಿ ಪರಂಪರೆಗೆ ಈ ಸಿನಿಮಾನೇ ಶುರು ಅಂತಾರೆ.

ನೋಡೋ ಕ್ರಮ: ಮೊದಲು ಕಾಲಿನ್‌ವುಡ್ ನೋಡಿ, ಆಮೇಲೆ 1958ರದ್ದು, ತಿರುಗಾಮುರುಗಾ ನೋಡಿದ್ರೆ ಕಾಲಿನ್‌ವುಡ್‌ಗೆ ಅನ್ಯಾಯ ಆಗುತ್ತೆ. ಎರಡನ್ನೂ ನೋಡುವಾಗ ರೈಲಿ ಮತ್ತೆ ತಿಬೇರಿಯೊ ಮಗು ಜೊತೆ ಇರೋ ಸೀನ್‌ಗಳನ್ನ ಅಕ್ಕಪಕ್ಕ ಬರ್ಕೊಂಡು ಹೋಲಿಸಿ. ಇಟಲಿಯದ್ರ ಕೊನೆ ಸೀನ್ ಮಾತ್ರ ಎರಡು ಸಲ ನೋಡ್ಲೇಬೇಕು. ಬೆಳಗಿನ ಜಾವ ಪೆಪ್ಪೆ ಪೊಲೀಸರಿಂದ ತಪ್ಪಿಸ್ಕೊಳ್ಳೋಕೆ ಕೂಲಿಗೆ ನಿಂತ ಗುಂಪಿನೊಳಗೆ ಸೇರ್ಕೊಂಡು ನೂಕುನುಗ್ಗಲಲ್ಲಿ ಸೈಟ್ ಗೇಟಿನೊಳಗೇ ಹೋಗಿಬಿಡ್ತಾನೆ, ಹೊರಗಿಂದ ಕಾಪನ್ನೆಲ್ಲೆ ಗಾಬರಿಯಲ್ಲಿ ಕೂಗ್ತಾನೆ, ಪೆಪ್ಪೆ, ಅಲ್ಲಿ ನಿನ್ ಕೈಲಿ ಕೆಲಸ ಮಾಡಿಸ್ತಾರೆ ಕಣೋ!