ಎಸ್ಸೆಸ್ಸೆಲ್ಸಿ ಓದಿದವನೂ ವಕೀಲನೇ

ಕಳೆದ ಮಳೆಗಾಲದಲ್ಲಿ ಒಬ್ಬರು ಒದ್ದೆ ಕೊಡೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಎರಡು ಪುಟದ ಅರಬ್ಬಿ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಸೌದಿಯ ದಮ್ಮಾಮಿನಲ್ಲಿರುವ ಅಣ್ಣ ಕಳಿಸಿದ್ದು. ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದರೆ ಇವರ ಹೆಸರಿನ ಹಿಂದೆಯೇ ‘ವಕೀಲ’ ಎಂದು ಬಂದಿದೆ. "ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದರಲ್ಲೂ ಲೆಕ್ಕದಲ್ಲಿ ಡುಮ್ಕಿ. ನಾನು ಯಾವಾಗ ವಕೀಲ ಆದದ್ದು ಸಾರ್? ಅಣ್ಣ ಎಂತಾದ್ರೂ ಕೇಸುಗೀಸು ಹಾಕಿದ್ದಾನಾ?" ಗಾಬರಿ ನಿಜವಾದದ್ದೇ. ಊರಿನ 18 ಸೆಂಟ್ಸ್ ಜಾಗದ ವ್ಯವಹಾರವನ್ನು ಅಣ್ಣ ಇವರಿಗೆ ವಹಿಸಿದ್ದ, ಅಷ್ಟೆ. ನಮ್ಮ ಕಡೆ ಎಲ್ಲರೂ ‘ಜಿಪಿಎ’ (ಜನರಲ್ ಪವರ್ ಆಫ್ ಅಟಾರ್ನಿ) ಎನ್ನುತ್ತಾರಲ್ಲ, ಅದು.

ಗಲ್ಫಿನಿಂದ ಬರುವ ಕಾಗದಗಳನ್ನು ಅನುವಾದ ಮಾಡುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಗೊತ್ತಿಲ್ಲದ ಶಬ್ದಗಳು ಯಾರಿಗೂ ತೊಂದರೆ ಕೊಡುವುದಿಲ್ಲ, ಬಂದು ಕೇಳುತ್ತಾರೆ. ತೊಂದರೆ ಕೊಡುವುದು ಗೊತ್ತಿದೆ ಅಂದುಕೊಂಡ ಶಬ್ದಗಳು. ಅವುಗಳಲ್ಲಿ ಮೊದಲನೆಯದು ಈ ‘ವಕೀಲ್’.

ವಾವ್, ಕಾಫ್, ಲಾಮ್ (ವ, ಕ, ಲ): ಈ ಮೂರು ವ್ಯಂಜನಗಳ ಧಾತು. ‘ವಕಲ’ ಎಂದರೆ ಒಂದು ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ನಡುವಿನ ಅಕ್ಷರವನ್ನು ಇಮ್ಮಡಿಸಿ ‘ವಕ್ಕಲ’ ಎಂದರೆ ಯಾರನ್ನಾದರೂ ಆ ಕೆಲಸಕ್ಕೆ ತನ್ನ ಪರವಾಗಿ ನೇಮಿಸುವುದು. ಹಾಗೆ ನೇಮಕವಾದವನು ವಕೀಲ್, ಆ ಏರ್ಪಾಟು ಮತ್ತು ಅದರ ಕಾಗದ ವಕಾಲ. ಕರಿ ಕೋಟು ಈ ಧಾತುವಿನಲ್ಲಿ ಎಲ್ಲೂ ಇಲ್ಲ. ಇವತ್ತಿನ ಅರಬ್ಬಿಯಲ್ಲಿ ಕೋರ್ಟಿನಲ್ಲಿ ವಾದಿಸುವವರನ್ನು ‘ಮುಹಾಮಿ’ ಎನ್ನುತ್ತಾರೆ, ಕಾಪಾಡುವವ ಎಂಬ ಅರ್ಥದ ಬೇರೆಯೇ ಧಾತುವಿನಿಂದ. ಕುವೈತಿನಲ್ಲಿ ‘ವಕೀಲುಲ್ ವಿಝಾರ’ ಎಂದರೆ ಸಚಿವಾಲಯದಲ್ಲಿ ಸಚಿವರ ಕೆಳಗಿನ ಹಿರಿಯ ಅಧಿಕಾರಿ, ಅಂಡರ್ ಸೆಕ್ರೆಟರಿ. ಸೌದಿ ಸೇನೆಯ ‘ವಕೀಲ್ ರಕೀಬ್’ ಸಾರ್ಜೆಂಟಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಸುದ್ದಿಸಂಸ್ಥೆಯೂ ವಕಾಲವೇ. ಕೈರೋದಲ್ಲಿ ಮಮ್ಲೂಕ್ ಸುಲ್ತಾನ ಗೌರಿ ಕಟ್ಟಿಸಿದ, ವರ್ತಕರು ಸರಕು ಇಳಿಸಿ ತಂಗುತ್ತಿದ್ದ ದೊಡ್ಡ ಛತ್ರಕ್ಕೂ ಅದೇ ಹೆಸರು.

ಹಾಗಾದರೆ ನಮ್ಮಲ್ಲಿ ಈ ಶಬ್ದ ಕೋರ್ಟಿಗೆ ಹೋಗಿ ಕೂತದ್ದು ಹೇಗೆ? ನಮ್ಮಲ್ಲೂ ಮೊದಲು ಹಾಗಿರಲಿಲ್ಲ. ಅಕ್ಬರ್ ಹುಡುಗನಾಗಿದ್ದಾಗ ರಾಜ್ಯ ನಡೆಸಿದ ಬೈರಾಮ್ ಖಾನ್ ಬಾದಶಹನ ವಕೀಲ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ ಗುಲಾಮ್ ಅಲಿ ಖಾನ್ ಕೂಡ ವಕೀಲನೇ, ಅಂದರೆ ಸುಲ್ತಾನನ ರಾಯಭಾರಿ. ತಮಾಷೆಯೆಂದರೆ ಮರುವರ್ಷವೇ, 1793ರಲ್ಲಿ, ಅದೇ ಕಾರ್ನ್‌ವಾಲಿಸನ ಸರ್ಕಾರ ಬಂಗಾಳದ ಸಿವಿಲ್ ಕೋರ್ಟುಗಳಲ್ಲಿ ವಾದಿಸುವ ವಕೀಲರಿಗೆ ಸನ್ನದು ಕೊಡುವ ಕಾಯಿದೆ ತಂದಿತು. ಕಂಪನಿಯ ಕೋರ್ಟುಗಳು ಹೆಚ್ಚಿದ ಹಾಗೆ ರಾಯಭಾರಿಯ ಅರ್ಥ ಸವೆದು, ಕೋರ್ಟಿನ ಅರ್ಥ ಉಳಿಯಿತು.

ಪೂರ್ತಿ ಸವೆದಿಲ್ಲ ಅನ್ನಿ. ನೀವು ಕೋರ್ಟಿನಲ್ಲಿ ವಕಾಲತ್ತಿಗೆ ಸಹಿ ಹಾಕುತ್ತೀರಲ್ಲ, ಅಲ್ಲಿ ನಡೆಯುವುದು ಇದೇ ಧಾತುವಿನ ಕೆಲಸ: ನನ್ನ ಬದಲಿಗೆ ಇವರು ಮಾತಾಡುತ್ತಾರೆ ಎಂದು ಬರೆದುಕೊಡುವುದು.

ಈಗ ನನ್ನ ತಲೆನೋವಿನ ವಿಷಯ. ದಯವಿಟ್ಟು ನಿಧಾನವಾಗಿ ಓದಿ.

ವಕಾಲ ಪತ್ರದಲ್ಲಿ ಇಬ್ಬರಿರುತ್ತಾರೆ. ಅಧಿಕಾರ ಕೊಡುವವ ‘ಮುವಕ್ಕಿಲ್’. ಪಡೆಯುವವ ವಕೀಲ್, ಅವನನ್ನೇ ‘ಮುವಕ್ಕಲ್’ ಎಂದೂ ಬರೆಯಬಹುದು. ಕಿ ಮತ್ತು ಕ, ಅಷ್ಟೇ ವ್ಯತ್ಯಾಸ. ಅರಬ್ಬಿ ಬರವಣಿಗೆಯಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಹ್ರಸ್ವ ಸ್ವರಗಳನ್ನು ಕಚೇರಿ ಕಾಗದಗಳಲ್ಲಿ ಯಾರೂ ಹಾಕುವುದಿಲ್ಲ. ಮೀಮ್, ವಾವ್, ಕಾಫ್, ಲಾಮ್ ಎಂಬ ನಾಲ್ಕಕ್ಷರ ಮಾತ್ರ ಇರುತ್ತದೆ. ಕಾಫಿನ ಕೆಳಗೆ ಸ್ವರದ ಗೀಟಿದೆ (ಇಕಾರ) ಎಂದು ಓದಿದರೆ ಜಾಗದ ಯಜಮಾನ, ಮೇಲಿದೆ (ಅಕಾರ) ಎಂದು ಓದಿದರೆ ಅವನ ಪರವಾಗಿ ಓಡಾಡುವವ. ಕ್ರಿಯಾಪದಕ್ಕೂ ಇದೇ ಗತಿ: ‘ವಕ್ಕಲ್ತು’, ನಾನು ನೇಮಿಸಿದೆ, ‘ವುಕ್ಕಿಲ್ತು’, ನನ್ನನ್ನು ನೇಮಿಸಿದರು. ಅಕ್ಷರಗಳು ಒಂದೇ.

ಮದರಸಕ್ಕೆ ಹೋದವರಿಗೆ ಹೀಗೆ ಹೇಳುತ್ತೇನೆ: ಮುಅಲ್ಲಿಂ ಎಂದರೆ ಕಲಿಸುವವರು. ಅಲ್ಲಿ ‘ಲ್ಲಿ’ ಇದೆಯಲ್ಲ, ಆ ಇಕಾರ ಬಂದರೆ ಮಾಡುವವ. ಮುಹಮ್ಮದ್ ಎಂದರೆ ಹೊಗಳಿಕೆಗೆ ಪಾತ್ರನಾದವ. ಅಲ್ಲಿ ‘ಮ್ಮ’, ಅಕಾರ. ಉಳಿದವರಿಗೆ ಕನ್ನಡವೇ ಸಾಕು. ವಹಿಸಿಕೊಟ್ಟವನು ಮುವಕ್ಕಿಲ್, ವಹಿಸಿಕೊಂಡವನು ಮುವಕ್ಕಲ್. ಕೊಡು ಮತ್ತು ಕೊಳ್ಳು ನಡುವೆ ತಪ್ಪುವ ಕನ್ನಡಿಗರನ್ನು ನಾನು ನೋಡಿಲ್ಲ. ಆದರೆ ಮೊಬೈಲು ತಪ್ಪುತ್ತದೆ, ಅವಸರದ ಅನುವಾದಕರೂ ತಪ್ಪುತ್ತಾರೆ. ಒಮ್ಮೆ ನನ್ನ ಕೈಗೆ ಬಂದ ಅನುವಾದವೊಂದರಲ್ಲಿ ಅಬುಧಾಬಿಯ ಗಂಡ ಊರಿನ ಹೆಂಡತಿಗೆ ಕೊಟ್ಟ ಅಧಿಕಾರವನ್ನು ಹೆಂಡತಿ ಗಂಡನಿಗೆ ಕೊಟ್ಟಂತೆ ಬರೆದಿತ್ತು. ನೋಂದಣಿ ಕಚೇರಿಯಿಂದ ಕಾಗದ ವಾಪಸ್ಸು ಬಂದಿತ್ತು. ಆ ಅಮ್ಮ ಮೂರು ಸಲ ಬಸ್ಸಿನಲ್ಲಿ ಅಲೆದಿದ್ದರು. "ನಂಗೆ ಅವರೇ ಕೊಟ್ಟದ್ದು ಅಂತ ನಾನು ಹೇಳ್ತಾ ಇದ್ದೆ, ಯಾರೂ ಕೇಳ್ಲಿಲ್ಲ" ಎಂದರು. ಅವರಿಗೆ ಅರಬ್ಬಿಯ ಒಂದಕ್ಷರ ಬರುವುದಿಲ್ಲ. ಆ ಕೋಣೆಯಲ್ಲಿ ಪತ್ರ ಸರಿಯಾಗಿ ಅರ್ಥವಾಗಿದ್ದದ್ದು ಅವರೊಬ್ಬರಿಗೇ.

ನಮ್ಮ ‘ಮುಖ್ತ್ಯಾರ’ನ (ಇನ್ನೊಬ್ಬರ ಪರವಾಗಿ ವ್ಯವಹರಿಸುವ ಅಧಿಕಾರ ಪಡೆದವನ) ಕಥೆ ಇನ್ನೂ ವಿಚಿತ್ರ. ಅರಬ್ಬಿಯ ‘ಮುಖ್ತಾರ್’ ಆರಿಸುವವನೂ ಹೌದು, ಆರಿಸಲ್ಪಟ್ಟವನೂ ಹೌದು. ಸ್ವರ ಹಾಕಿ ಬರೆದರೂ ಎರಡೂ ಒಂದೇ ರೂಪ. ಇರಲಿ, ಅದು ಬೇರೆ ಧಾತು.

ಇದೇ ಧಾತುವಿನಿಂದ ಬಂದ ‘ತವಕ್ಕುಲ್’ ಅನೇಕರಿಗೆ ಗೊತ್ತು: ತನ್ನ ಭಾರವನ್ನು ದೇವರಿಗೆ ಒಪ್ಪಿಸಿ ನೆಮ್ಮದಿಯಿಂದಿರುವುದು. ‘ಇತ್ತಿಕಾಲ್’ ಎಂದರೆ ಆತುಕೊಳ್ಳುವುದು. ಇದರಲ್ಲಿ ವಾವ್ ತಕಾರದೊಳಗೆ ಕರಗಿಹೋಗಿದೆ, ಹಾಗಾಗಿ ಹೊಸಬರು ನಿಘಂಟಿನ ತಕಾರದಲ್ಲಿ ಹುಡುಕಿ ಸುಸ್ತಾಗುತ್ತಾರೆ. (ಹಳೆಯ ನಿಘಂಟು ‘ಲಿಸಾನುಲ್ ಅರಬ್’ ತೆರೆದರೆ ಇನ್ನೂ ಸುಸ್ತು. ಅದರಲ್ಲಿ ಶಬ್ದಗಳನ್ನು ಧಾತುವಿನ ಕೊನೆಯ ಅಕ್ಷರದ ಪ್ರಕಾರ ಜೋಡಿಸಿದ್ದಾರೆ, ನಮ್ಮ ಧಾತುವನ್ನು ಲಾಮಿನಲ್ಲಿ ಹುಡುಕಬೇಕು.) ‘ತವಾಕುಲ್’ ಎಂದರೆ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೊನೆಗೆ ಯಾರೂ ಕೆಲಸ ಮಾಡದಿರುವುದು. ಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ವಿವರಣೆ ಬೇಡ. ಕುರಾನಿನ 32ನೇ ಅಧ್ಯಾಯದಲ್ಲಿ ಸಾವಿನ ದೇವದೂತನ ಬಗ್ಗೆ ‘ನಿಮ್ಮ ಮೇಲೆ ನೇಮಕವಾದವನು’ ಎನ್ನುವಲ್ಲಿ ಬರುವುದೂ ಇದೇ ಕ್ರಿಯಾಪದ, ‘ವುಕ್ಕಿಲ’. ಅಲ್ಲಿ ಸ್ವರಚಿಹ್ನೆ ಸ್ಪಷ್ಟವಾಗಿ ಇದೆ, ಪುಣ್ಯಕ್ಕೆ.

ವಕಾಲಗಳಲ್ಲಿ ‘ಆಮ್ಮ’ ಮತ್ತು ‘ಖಾಸ್ಸ’ ಎಂದು ಎರಡು ಬಗೆ. ‘ಖಾಸ್ಸ’ ಎಂದರೆ ಇಂಥದೇ ಕೆಲಸಕ್ಕೆ, ‘ಆಮ್ಮ’ ಎಂದರೆ ಎಲ್ಲಕ್ಕೂ. ಫೋನಿನಲ್ಲಿ "ಎಲ್ಲಾ ಬರೆಸಿಬಿಡಿ ಮಾರಾಯ್ರೆ, ತಮ್ಮನೇ ಅಲ್ವಾ, ತವಕ್ಕುಲ್" ಎನ್ನುವವರಿಗೆ ನಾನು ತಿರ್ಮಿದಿಯ ಸಂಗ್ರಹದಲ್ಲಿರುವ ಹದೀಸನ್ನು, ಅಂದರೆ ಪ್ರವಾದಿಯ ಮಾತನ್ನು, ನೆನಪಿಸುತ್ತೇನೆ: ಮೊದಲು ಒಂಟೆಯನ್ನು ಕಟ್ಟು, ಆಮೇಲೆ ತವಕ್ಕುಲ್. ಅದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ. ಯಾವ ಪತ್ರಕ್ಕೆ ಇಲ್ಲಿ ಎಷ್ಟು ಬಲ, ಯಾವ ಮುದ್ರೆ ಬೇಕು ಎನ್ನುವುದನ್ನು ವಕೀಲರ ಹತ್ತಿರ ಕೇಳಿ, ಕನ್ನಡದ ಅರ್ಥದ ವಕೀಲರ ಹತ್ತಿರ. ನಾನು ಶಬ್ದದವನು.

ದಮ್ಮಾಮಿನವರ ತಮ್ಮ ಹೊರಡುವ ಮೊದಲು ಕಾಗದದ ಜೆರಾಕ್ಸ್ ತೆಗೆದು, ಅಣ್ಣನ ಹೆಸರಿನ ಹಿಂದಿದ್ದ ಆ ನಾಲ್ಕಕ್ಷರಗಳಲ್ಲಿ ಕಾಫಿನ ಕೆಳಗೆ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಹಾಕಿಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಗೀಟು ಅಳಿಸಿಹೋಗುವುದಿಲ್ಲವಲ್ಲ ಎಂದು ಕೇಳಿದರು. ಪೆನ್ನಿನಲ್ಲೇ ಇನ್ನೊಮ್ಮೆ ಎಳೆದುಕೊಟ್ಟೆ.