ಮಣ್ಣಿನ ಹಿಡಿತ ದಿನೇದಿನೇ ಬಿಗಿಯಾಗುತ್ತದೆ: ಅಂತರ್ಜಲದ ಲೆಕ್ಕಕ್ಕೆ ‘ಸಮಯ’ ಸೇರಿದ ಕಥೆ

1987ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಸಂಶೋಧಕರು ಒಂದು ವಿಚಿತ್ರ ಸಂಗತಿ ವರದಿ ಮಾಡಿದರು. ಹೊಲದ ಮೇಲ್ಮಣ್ಣಿನಲ್ಲಿ ಅವರಿಗೆ ಇಡಿಬಿ ಎಂಬ ಔಷಧಿ ಸಿಕ್ಕಿತ್ತು. ಇದು ಮಣ್ಣಿನೊಳಗೆ ಆವಿಯಾಗಿ ಹರಡಿ ಹುಳ ಕೊಲ್ಲುವ ರಾಸಾಯನಿಕ. ಗಾಳಿಗೆ ಬೇಗ ಹಾರುತ್ತದೆ, ನೀರಿನಲ್ಲೂ ಕರಗುತ್ತದೆ. ಹಾಗಾಗಿ ಮಣ್ಣಿನಲ್ಲಿ ಬಹಳ ದಿನ ಉಳಿಯಲೇಬಾರದು. ಆದರೆ ಕೊನೆಯ ಸಲ ಹಾಕಿ 19 ವರ್ಷ ಕಳೆದ ಮೇಲೂ ಅದು ಅಲ್ಲಿತ್ತು. ಹೊಸದಾಗಿ ಬೆರೆಸಿದ ಇಡಿಬಿಯನ್ನು ಸೂಕ್ಷ್ಮಜೀವಿಗಳು ತಿಂದು ಹಾಕುತ್ತಿದ್ದವು, ಹಳೆಯದು ಮಾತ್ರ ಅವುಗಳ ಕೈಗೆ ಸಿಗುತ್ತಿರಲಿಲ್ಲ. ಮಣ್ಣನ್ನು ನುಣ್ಣಗೆ ಅರೆದಾಗ ಅದು ಹೊರಬಂತು. ಮಣ್ಣಿನ ಕಣಗಳೊಳಗಿನ ಅತಿ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡಿದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಇದು ಯಾಕೆ ದೊಡ್ಡ ವಿಷಯ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಲಕ್ಕೆ ಹೊಡೆದ ಔಷಧಿ ಅಂತರ್ಜಲಕ್ಕೆ ಇಳಿಯುವುದಿಲ್ಲ, ಮೇಲ್ಮಣ್ಣೇ ಅದನ್ನು ಹಿಡಿದು ಮುಗಿಸಿಬಿಡುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. 1979ರಲ್ಲಿ ಅದಕ್ಕೆ ಪೆಟ್ಟು ಬಿತ್ತು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನ ಬಾವಿಗಳಲ್ಲಿ ಆಲ್ಡಿಕಾರ್ಬ್ ಎಂಬ ಕೀಟನಾಶಕ ಸಿಕ್ಕಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಂತರ್ಜಲದಲ್ಲಿ ಡಿಬಿಸಿಪಿ ಎಂಬ, ಮಣ್ಣಿನ ಹುಳ ಕೊಲ್ಲುವ ಔಷಧಿ ಸಿಕ್ಕಿತು. ಮರುವರ್ಷ, 1980ರಲ್ಲಿ, ಯುರೋಪಿನ ಕುಡಿಯುವ ನೀರಿನ ನಿಯಮ ಬಂತು: ಒಂದು ಲೀಟರಿನಲ್ಲಿ ಯಾವುದೇ ಒಂದು ಪೀಡೆನಾಶಕ 0.1 ಮೈಕ್ರೊಗ್ರಾಂ ಮೀರುವಂತಿಲ್ಲ, ಎಲ್ಲ ಸೇರಿ 0.5 ಮೀರುವಂತಿಲ್ಲ. ಯಾವ ಔಷಧಿ ಎಷ್ಟು ವಿಷ ಎಂದು ಅಳೆದು ಇಟ್ಟ ಮಿತಿ ಇದಲ್ಲ. ನೀರಿನಲ್ಲಿ ಇವು ಇರಲೇಬಾರದು ಎಂಬ ಆಶಯಕ್ಕೆ ಕೊಟ್ಟ ಅಂಕಿ ಅಷ್ಟೇ. ಆದರೂ ಮುಂದಿನ ಚರ್ಚೆಯೆಲ್ಲ ಈ 0.1ರ ಸುತ್ತಲೇ ನಡೆಯಿತು.

ಹೊಸ ಔಷಧಿ ಮಾರುಕಟ್ಟೆಗೆ ಬರುವ ಮೊದಲೇ ಅದು ಎಷ್ಟು ಇಳಿಯುತ್ತದೆ ಎಂದು ಹೇಳಬೇಕಲ್ಲ? ಹೀಗೆ ಕಂಪ್ಯೂಟರ್ ಮಾದರಿಗಳು ಬಂದವು. ಅವುಗಳ ಒಳಗಿನ ವಿಚಾರ ಸರಳ. ಔಷಧಿ ಮಣ್ಣಿಗೆ ಎಷ್ಟು ಅಂಟುತ್ತದೆ ಎನ್ನುವುದಕ್ಕೆ ಒಂದು ಅಂಕಿ. ಎಷ್ಟು ದಿನದಲ್ಲಿ ಅರ್ಧ ಕೊಳೆಯುತ್ತದೆ ಎನ್ನುವುದಕ್ಕೆ ಇನ್ನೊಂದು, ಅದೇ ಅರ್ಧಾಯುಷ್ಯ. ಜಾಸ್ತಿ ಅಂಟಿದರೆ ನಿಧಾನ ಇಳಿಯುತ್ತದೆ, ಬೇಗ ಕೊಳೆತರೆ ದಾರಿಯಲ್ಲೇ ಮುಗಿಯುತ್ತದೆ. 1991ರಲ್ಲಿ ನೆದರ್ಲೆಂಡ್ಸ್‌ನ ಬೂಸ್ಟೆನ್ ಮತ್ತು ವಾನ್ ಡೆರ್ ಲಿಂಡೆನ್ ಈ ಲೆಕ್ಕ ಎಷ್ಟು ಸೂಕ್ಷ್ಮ ಎಂದು ತೋರಿಸಿದರು. ಈ ಎರಡು ಅಂಕಿಗಳನ್ನು ಎರಡು ಪಟ್ಟು ಬದಲಿಸಿದರೆ ಕೆಳಗಿಳಿಯುವ ಪ್ರಮಾಣ ಸುಮಾರು ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ಪ್ರಯೋಗಾಲಯದ ಸಣ್ಣ ವ್ಯತ್ಯಾಸವೊಂದು ಔಷಧಿಯನ್ನು 0.1ರ ಆಚೆಯಿಂದ ಈಚೆಗೆ ತರಬಹುದು.

ಹಾಗಾದರೆ ಅಂಟುವ ಅಂಕಿಯನ್ನು ಹೇಗೆ ಅಳೆಯುತ್ತಾರೆ? ಮಣ್ಣು, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ನೀರು, ಔಷಧಿ ಮೂರನ್ನೂ ಬಾಟಲಿಯಲ್ಲಿ ಹಾಕಿ ಸಾಮಾನ್ಯವಾಗಿ 24 ಗಂಟೆ ಕುಲುಕುತ್ತಾರೆ. ನೀರಿನಲ್ಲಿ ಎಷ್ಟು ಉಳಿಯಿತು, ಮಣ್ಣಿಗೆ ಎಷ್ಟು ಹೋಯಿತು ಎಂದು ನೋಡುತ್ತಾರೆ. ಒಂದು ದಿನದ ಆ ಅಂಕಿಯನ್ನೇ ಮಾದರಿ 20 ವರ್ಷದ ಲೆಕ್ಕಕ್ಕೂ ಬಳಸುತ್ತದೆ. ಹೊಲದಲ್ಲಿ ಮಾತ್ರ ಮಣ್ಣಿನ ಹಿಡಿತ ಒಂದು ದಿನಕ್ಕೆ ನಿಲ್ಲುವುದಿಲ್ಲ. ಔಷಧಿಯ ಅಣುಗಳು ಮೊದಲು ಕಣದ ಹೊರಮೈಗೆ ಅಂಟುತ್ತವೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಒಳಕ್ಕೆ ಸರಿಯುತ್ತವೆ: ಸಣ್ಣ ರಂಧ್ರಗಳಿಗೆ, ಕೊಳೆತ ಎಲೆ ಬೇರುಗಳಿಂದಾದ ಸಾವಯವ ಪದಾರ್ಥದ ಒಳಪದರಗಳಿಗೆ. ತಿಂಗಳುಗಳ ನಂತರ ಅಳೆದರೆ ಹಿಡಿತ ಹಲವು ಪಟ್ಟು ಹೆಚ್ಚಿರುವುದು ಅಪರೂಪವೇನಲ್ಲ.

ಈ ಯೋಚನೆ ಹಳೆಯದೇ. 1952ರಲ್ಲೇ ಲಾಪಿಡಸ್ ಮತ್ತು ಅಮಂಡ್‌ಸನ್, ಅಂಟುವಿಕೆ ತಕ್ಷಣ ಮುಗಿಯದಿದ್ದರೆ ವಸ್ತು ಹೇಗೆ ಸಾಗುತ್ತದೆ ಎಂಬ ಗಣಿತ ಬರೆದಿದ್ದರು. 1970ರ ದಶಕದಲ್ಲಿ ಮಣ್ಣಿನ ವಿಜ್ಞಾನಿಗಳು ಅದನ್ನು ‘ಎರಡು ಜಾಗ’ದ ಮಾದರಿ ಮಾಡಿಕೊಂಡರು. ತಕ್ಷಣ ತುಂಬುವ ಜಾಗ ಒಂದು, ನಿಧಾನವಾಗಿ ತುಂಬಿ ನಿಧಾನವಾಗಿ ಖಾಲಿಯಾಗುವ ಜಾಗ ಇನ್ನೊಂದು. ಡಚ್ಚರ ಪರ್ಲ್ ಎಂಬ ಕಂಪ್ಯೂಟರ್ ಮಾದರಿಯಲ್ಲಿ ಇದಕ್ಕೆ ಎರಡು ಹೆಚ್ಚುವರಿ ಅಂಕಿ ಸಾಕು. ಒಳಗಿನ ಜಾಗ ಹೊರಗಿನದಕ್ಕಿಂತ ಎಷ್ಟು ಪಟ್ಟು ಹಿಡಿಯಬಲ್ಲದು, ಅಲ್ಲಿಂದ ಎಷ್ಟು ವೇಗದಲ್ಲಿ ಬಿಡುತ್ತದೆ, ಇಷ್ಟೇ. ಒಳಗೆ ಹೋದದ್ದು ಕೊಳೆಯುವುದಿಲ್ಲ ಎಂಬುದೂ ಆ ಮಾದರಿಯ ಷರತ್ತು.

ಇದನ್ನು ಸೇರಿಸಿದರೆ, ಒಂದು ಮೀಟರ್ ಆಳದ ನೀರಿನಲ್ಲಿ ಎಷ್ಟು ಔಷಧಿ ಇರುತ್ತದೆ ಎಂದು ಮಾದರಿ ಹೇಳುವ ಅಂಕಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಕೆಲವೊಮ್ಮೆ ಚೆನ್ನಾಗಿಯೇ ಕಡಿಮೆಯಾಗುತ್ತದೆ. ಯುರೋಪಿನ ತಂಪು ಪ್ರದೇಶಗಳಲ್ಲಿ ನೀರು ಆಳಕ್ಕೆ ಇಳಿಯುವುದು ಹೆಚ್ಚಾಗಿ ಶರತ್ಕಾಲ ಮತ್ತು ಚಳಿಗಾಲದಲ್ಲಿ. ವಸಂತದಲ್ಲಿ ಹೊಡೆದ ಔಷಧಿಗೆ ಅಷ್ಟರೊಳಗೆ ಒಳಸೇರಲು ತಿಂಗಳುಗಳ ಅವಕಾಶ ಸಿಗುತ್ತದೆ. ಶರತ್ಕಾಲದಲ್ಲೇ ಹೊಡೆದರೆ ಆ ಲಾಭ ಕಡಿಮೆ.

ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಸಹಜ ಅಲ್ವಾ? 2000ದಲ್ಲಿ ಯುರೋಪಿನ ಫೋಕಸ್ ಗುಂಪು ಹ್ಯಾಂಬರ್ಗ್, ಪಿಯಾಚೆನ್ಸಾ, ಸೆವಿಲ್ಲಾ ಮೊದಲಾದ ಒಂಬತ್ತು ಊರುಗಳ ಮಣ್ಣು ಹವಾಮಾನ ಇಟ್ಟುಕೊಂಡು ಒಂದೇ ಬಗೆಯ ಲೆಕ್ಕ ತಂದಿತು. ಮೊದಲ ಸುತ್ತಿನಲ್ಲಿ 0.1 ದಾಟಿದ ಔಷಧಿಗೆ ಮುಂದಿನ ಸುತ್ತಿನಲ್ಲಿ ‘ಸಮಯದ ಹಿಡಿತ’ವೂ ಒಂದು ದಾರಿಯಾಯಿತು.

ನಿಜವಾದ ತೊಡಕು ಇರುವುದು ಇಲ್ಲೇ. ಪ್ರಯೋಗಾಲಯದಲ್ಲಿ ಔಷಧಿ ಮೊದಲು ಬೇಗ ಕೊಳೆತು, ಆಮೇಲೆ ನಿಧಾನವಾಗುತ್ತದೆ. ನಿಧಾನಕ್ಕೆ ಒಂದು ಕಾರಣ, ಉಳಿದದ್ದು ಸೂಕ್ಷ್ಮಜೀವಿಗಳಿಗೆ ಸಿಗದ ಕಡೆ ಸೇರಿಕೊಂಡಿರುವುದು. ದಿನ ಕಳೆದಂತೆ ಔಷಧಿ ಎಷ್ಟು ಉಳಿಯಿತು ಎಂದು ಎಳೆದ ಇಡೀ ಗೆರೆಗೆ ಒಂದೇ ಅರ್ಧಾಯುಷ್ಯ ಹೊಂದಿಸಿದರೆ ಆ ನಿಧಾನ ಅದರೊಳಗೆ ಆಗಲೇ ಸೇರಿರುತ್ತದೆ. ಹಾಗಾಗಿ ಎರಡು ಜಾಗದ ಮಾದರಿಗೆ ಬೇರೆಯೇ, ಚಿಕ್ಕ ಅರ್ಧಾಯುಷ್ಯ ಬೇಕು, ಹೊರಗಿನ ಜಾಗಕ್ಕೆ ಮಾತ್ರ ಸೇರಿದ್ದು. ಹಳೆಯ ಉದ್ದದ ಅರ್ಧಾಯುಷ್ಯವನ್ನೇ ಇದಕ್ಕೂ ಹಾಕಿದರೆ ನಿಧಾನವನ್ನು ಎರಡು ಸಲ ಎಣಿಸಿದ ಹಾಗೆ. ತಿರುಗಾ ಮುರುಗಾ ಮಾಡಿ, ಚಿಕ್ಕ ಅರ್ಧಾಯುಷ್ಯವನ್ನು ಸಮಯದ ಹಿಡಿತ ಇಲ್ಲದ ಮಾದರಿಗೆ ಹಾಕಿದರೆ ಔಷಧಿ ಕಾಗದದ ಮೇಲೆ ಮಾಯವಾಗುತ್ತದೆ, ಹೊಲದಲ್ಲಿ ಉಳಿದಿರುತ್ತದೆ. ಈ ಎರಡನೇ ತಪ್ಪು ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಎಲ್ಲರಿಗೂ ಅನುಕೂಲದ ಉತ್ತರ ಕೊಡುತ್ತದೆ. ಸಾಲದ್ದಕ್ಕೆ, ಮಾದರಿಯ ಎರಡು ಹೆಚ್ಚುವರಿ ಅಂಕಿಗಳು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತವೆ. ಗೆರೆ ಚೆನ್ನಾಗಿ ಕೂತರೂ ಅಂಕಿ ಸರಿ ಎಂದೇನಿಲ್ಲ.

ಅದಕ್ಕೇ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಪ್ರಯೋಗ ಹೇಗೆ ಮಾಡಬೇಕು, ಅಂಕಿ ಹೇಗೆ ಹೊಂದಿಸಬೇಕು ಎಂಬ ಮಾರ್ಗಸೂಚಿ ತಯಾರಿಸಿತು. 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಪರಿಶೀಲಿಸಿ ಅಭಿಪ್ರಾಯ ಕೊಟ್ಟಿತು. ಹಿಡಿತವನ್ನೂ ಕೊಳೆಯುವಿಕೆಯನ್ನೂ ಒಂದೇ ಪ್ರಯೋಗದಿಂದ, ಒಟ್ಟಿಗೇ ಹೊಂದಿಸಬೇಕು ಎಂಬುದು ಈ ವಿಧಾನದ ಜೀವಾಳ. ಇದು ತಡವಾಗಿ ಬಂದರೂ ಸರಿಯಾದ ದಾರಿ ಎಂದೇ ನನ್ನ ಅನಿಸಿಕೆ.

ಇನ್ನು ಮಣ್ಣಿನ ಬಿರುಕು, ಎರೆಹುಳದ ಬಿಲಗಳಿದ್ದರೆ ಮಾತೇ ಬೇರೆ. ಔಷಧಿ ಹೊಡೆದ ಮರುದಿನ ಜೋರು ಮಳೆ ಬಂದರೆ ನೀರು ಆ ದಾರಿ ಹಿಡಿದು ನೇರ ಕೆಳಗೆ ಓಡುತ್ತದೆ. ಅಲ್ಲಿ ಹಿಡಿತ ಬಿಗಿಯಾಗಲು ಪುರುಸೊತ್ತೇ ಇಲ್ಲ.

ನಿಧಾನವಾಗಿ ಹಿಡಿದದ್ದನ್ನು ಮಣ್ಣು ನಿಧಾನವಾಗಿ ಬಿಡುತ್ತದೆ ಕೂಡ. ಜರ್ಮನಿ 1991ರಲ್ಲಿ ಅಟ್ರಜಿನ್ ಕಳೆನಾಶಕವನ್ನು ನಿಷೇಧಿಸಿತು. ಅಲ್ಲಿನ ಪ್ರಯೋಗವೊಂದರಲ್ಲಿ, ತೆರೆದ ಬಯಲಿನ ತೊಟ್ಟಿಯ ಮಣ್ಣಿಗೆ ಅಟ್ರಜಿನ್ ಹಾಕಿ 22 ವರ್ಷವಾದ ಮೇಲೆ ನೋಡಿದರೆ ಅದು ಇನ್ನೂ ಸ್ವಲ್ಪ ಇತ್ತು. ಕೆಲವು ತಿಂಗಳ ಪ್ರಯೋಗದಿಂದ ಹುಟ್ಟಿದ ಎರಡು ಜಾಗದ ಮಾದರಿಗೆ ಇಷ್ಟು ಉದ್ದದ ಬಾಲ ಕಾಣುವುದು ಕಷ್ಟ. ಮಾಮೂಲಿ ದ್ರಾವಕ ಹಾಕಿ ಎಳೆದರೂ ಮಣ್ಣಿನಿಂದ ಹೊರಬರದ ಭಾಗವನ್ನು ಲೆಕ್ಕದಲ್ಲಿ ಇವತ್ತಿಗೂ ಸಾಮಾನ್ಯವಾಗಿ ‘ಹೋಯಿತು’ ಎಂದೇ ಬರೆದುಕೊಳ್ಳುತ್ತಾರೆ.